ಕಟ್ಟಿಸಿದ ಹಲ್ಲು, ನೆಟ್ಟ ಹಲ್ಲು

ಡೊಂಬಿವಲಿ, ಕಲ್ಯಾಣದ ಕನ್ನಡ ಮನೆಗಳಲ್ಲಿ ಹಿರಿಯರು ಈಗಲೂ ‘ಹಲ್ಲು ಕಟ್ಟಿಸಿಕೊಂಡೆ’ ಎನ್ನುತ್ತಾರೆ. ದವಡೆಯ ಮೂಳೆಯೊಳಗೆ ಟೈಟಾನಿಯಂ ಸ್ಕ್ರೂ ಕೂರಿಸುವ ಇಂಪ್ಲಾಂಟಿಗೂ ಅದೇ ಮಾತು. ಕಟ್ಟಿಸಿದ್ದು ಬಿದ್ದರೆ ಕಟ್ಟಿದವರ ತಪ್ಪು, ಇಲ್ಲವೇ ಸಾಮಾನಿನ ತಪ್ಪು. ಆದರೆ ಇಂಪ್ಲಾಂಟ್ ಎಂಬ ಪದದ ಮೂಲದಲ್ಲಿರುವುದು ನೆಡುವ ಕೆಲಸ. ನೆಟ್ಟದ್ದು ಬೇರು ಹಿಡಿಯಬೇಕು, ಹಿಡಿದ ಮೇಲೂ ಆರೈಕೆ ಬೇಕು. ಇಂಪ್ಲಾಂಟ್ ಸೋಲುವುದು ಈ ಎರಡು ಕಡೆ.

1960ರ ದಶಕದಲ್ಲಿ ಅಮೆರಿಕದ ಲಿಯೊನಾರ್ಡ್ ಲಿಂಕೋ ತೆಳುವಾದ, ಅಲಗಿನಂಥ ಇಂಪ್ಲಾಂಟುಗಳನ್ನು ಬಳಕೆಗೆ ತಂದರು. ಅವುಗಳ ಮೇಲೆ ಬೇಗನೆ ಹಲ್ಲು ಕೂರಿಸುತ್ತಿದ್ದರು. ಲೋಹಕ್ಕೂ ಮೂಳೆಗೂ ನಡುವೆ ನಾರಿನ ಪದರ ಬೆಳೆಯುತ್ತಿತ್ತು. ಸಹಜ ಹಲ್ಲಿನ ಬೇರಿನ ಸುತ್ತಲೂ ನಾರುಗಳಿವೆಯಲ್ಲ, ಇದೂ ಹಾಗೆಯೇ ಎಂದು ಹಲವರು ನಂಬಿದರು. ಎಷ್ಟೋ ಬಾಯಿಗಳಲ್ಲಿ ಆ ಪದರವೇ ಸಡಿಲಿಕೆಗೆ ದಾರಿಯಾಯಿತು.

ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೊನೆಮಾರ್ಕ್ 1950ರ ದಶಕದಲ್ಲಿ ರಕ್ತಸಂಚಾರ ನೋಡಲೆಂದು ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಉಪಕರಣ ಇಟ್ಟಿದ್ದರು. ಕೆಲಸ ಮುಗಿದ ಮೇಲೆ ಅದು ಮೂಳೆ ಬಿಟ್ಟು ಬರಲಿಲ್ಲ. 1965ರಲ್ಲಿ ಅವರು ಗೋಸ್ಟಾ ಲಾರ್ಸನ್ ಎಂಬವರ ದವಡೆಗೆ ಇಂಪ್ಲಾಂಟ್ ಕೂರಿಸಿದರು. 2006ರಲ್ಲಿ ಲಾರ್ಸನ್ ತೀರಿಕೊಂಡಾಗಲೂ ಅವು ಗಟ್ಟಿಯಾಗಿದ್ದವು. ಲೋಹದಷ್ಟೇ ಮುಖ್ಯವಾದದ್ದು ಬ್ರೊನೆಮಾರ್ಕ್ ಹಾಕಿಕೊಂಡ ಕಾಯುವ ನಿಯಮ: ಮೇಲೆ ಒಸಡು ಹೊಲಿದು, ಕೆಳದವಡೆಯಾದರೆ ಸುಮಾರು 3 ತಿಂಗಳು, ಮೇಲ್ದವಡೆಯಾದರೆ 6 ತಿಂಗಳು ಭಾರ ಹಾಕಬಾರದು. 1982ರ ಟೊರಾಂಟೊ ಸಮ್ಮೇಳನದ ಬಳಿಕ ಈ ವಿಧಾನ ಜಗತ್ತಿಗೆ ಹರಡಿತು.

ಮೊದಲ ತಿಂಗಳುಗಳ ಸೋಲಿಗೆ ಕಾರಣ ಅಲುಗಾಟ, ಸೋಂಕು, ಇಲ್ಲವೇ ಡ್ರಿಲ್ಲಿನ ಬಿಸಿ. 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಾಗಿದರೂ ಮೂಳೆಗೆ ಪೆಟ್ಟು ಎಂದು 1983ರ ಪ್ರಯೋಗಗಳು ತೋರಿಸಿದವು. ಈಗ ಕಾಯುವ ಅವಧಿ ಇಳಿದಿದೆ. ಮೂಳೆ ಗಟ್ಟಿಯಿದ್ದು ಸ್ಕ್ರೂ ಬಿಗಿಯಾಗಿ ಕೂತರೆ ಅದೇ ದಿನ ಹಲ್ಲು ಹಾಕುವುದೂ ಉಂಟು. ಎಲ್ಲರ ದವಡೆಗೂ ಅದು ಹೊಂದದು.

ವರ್ಷಗಳ ನಂತರದ ಸೋಲು ಸದ್ದಿಲ್ಲದೆ ಬರುತ್ತದೆ. ಇಂಪ್ಲಾಂಟಿನ ಸುತ್ತ ಕೊಳೆ ಕಟ್ಟಿ ಒಸಡು ಊದುತ್ತದೆ, ಮೂಳೆ ಕರಗುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ. ಹಳೆಯ ಒಸಡುರೋಗ, ಬೀಡಿ-ಸಿಗರೇಟು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಹೆಚ್ಚು. ಮಹಾರಾಷ್ಟ್ರ 2012ರಲ್ಲಿ ಗುಟ್ಕಾ ನಿಷೇಧಿಸಿತು. ಹುರಿದ ತಂಬಾಕಿನ ಪುಡಿ ಮಿಶ್ರಿಯಿಂದ ಹಲ್ಲುಜ್ಜುವ ಅಭ್ಯಾಸ ಮಾತ್ರ ಈ ನಾಡಿನಲ್ಲಿ ಹಳೆಯದು, ಒಸಡನ್ನು ಕೆಡಿಸುವಂಥದ್ದು.

ಥಾಣೆಯಲ್ಲಾಗಲಿ ನವಿ ಮುಂಬಯಿಯಲ್ಲಾಗಲಿ ನಾವು ಡಾಕ್ಟರನ್ನು ಮೊದಲು ಕೇಳುವುದು ಯಾವ ಕಂಪನಿ, ಎಷ್ಟು ವರ್ಷ ಗ್ಯಾರಂಟಿ ಎಂದು. ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ: ನನ್ನ ಹಲ್ಲು ಹೋದದ್ದು ಏತರಿಂದ? ಆ ಕಾರಣ ಇನ್ನೂ ಬಾಯಲ್ಲೇ ಇದ್ದರೆ, ಹೊಸದಾಗಿ ನೆಟ್ಟದ್ದಕ್ಕೂ ಅದೇ ಗತಿಯಾದೀತು.