ಸ್ಲ್ಯಾಬಿನ ಮೇಲೊಂದು ಶೀಟು

ಮೂಡುಬಿದಿರೆಯಿಂದ ಕಾರ್ಕಳದ ಕಡೆ ಹೊರಟರೆ ಏಳೆಂಟು ಕಿಲೋಮೀಟರಿಗೆ ಬೆಳುವಾಯಿ ಸಿಗುತ್ತೆ. ಪ್ರವಾಸಿಗರು ಅಲ್ಲಿ ಇಳಿಯೋದಿಲ್ಲ. ಮೂಡುಬಿದಿರೆಯಲ್ಲಿ ಸಾವಿರ ಕಂಬದ ಬಸದಿ ನೋಡಿರ್ತಾರೆ, ಕತ್ತಲಾಗೋದರೊಳಗೆ ಕಾರ್ಕಳದ ಗೊಮ್ಮಟನನ್ನ ನೋಡಬೇಕು, ನಡುವೆ ಸಿಗುವ ಊರಿನ ಹೆಸರು ಯಾರಿಗೆ ಬೇಕು? ನಾನು ಇಳೀತೀನಿ. ಅದು ನನ್ನ ಅಜ್ಜಿಯ ಊರು.

ಕಳೆದ ಆಟಿ ತಿಂಗಳಲ್ಲಿ ಹೋಗಿದ್ದೆ. ಆಟಿಯ ಮಳೆ ಬೆಂಗಳೂರಿನವರಿಗೆ ಹೇಳಿದರೆ ಅರ್ಥ ಆಗೋದಿಲ್ಲ. ಬೆಂಗಳೂರಲ್ಲಿ ವರ್ಷವಿಡೀ ಬೀಳೋದು ಹೆಚ್ಚುಕಮ್ಮಿ ಸಾವಿರ ಮಿಲಿಮೀಟರ್, ಅದಕ್ಕೇ ನಾವು ಸ್ಟುಡಿಯೋದಲ್ಲಿ ಕೂತು 'ಜಲಪ್ರಳಯ' ಅಂತ ಕೆಂಪು ಪಟ್ಟಿ ಓಡಿಸ್ತೀವಿ. ದಕ್ಷಿಣ ಕನ್ನಡದಲ್ಲಿ ಬೀಳೋದು ಸುಮಾರು ನಾಲ್ಕು ಸಾವಿರ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಲ್ಲಿ ಯಾರೂ ಪ್ರಳಯ ಅನ್ನೋದಿಲ್ಲ. "ಮಳೆ ಉಂಟು ಮಾರಾಯ್ರೆ" ಅಂತಾರೆ, ಕೊಡೆ ಬಿಡಿಸ್ತಾರೆ, ಹೋಗ್ತಾರೆ.

ಬಸ್ಸಿಳಿದು ಮನೆ ಕಡೆ ನಡೀತಾ ಇದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಾನು ಚಿಕ್ಕವನಾಗಿದ್ದಾಗ ಹಂಚಿನ ಮಾಡಿದ್ದ ಮನೆಗಳೆಲ್ಲ ಈಗ ತಾರಸಿ ಮನೆ. ಸರಿ, ಕಾಲ ಬದಲಾಯ್ತು. ಆದರೆ ಹೆಚ್ಚುಕಮ್ಮಿ ಪ್ರತಿಯೊಂದು ತಾರಸಿಯ ಮೇಲೂ ಕಬ್ಬಿಣದ ಕಂಬ ನೆಟ್ಟು, ಇಳಿಜಾರಾಗಿ ಶೀಟು ಹೊದಿಸಿದ್ದಾರೆ. ನೀಲಿ ಶೀಟು, ಹಸಿರು ಶೀಟು, ಇಟ್ಟಿಗೆ ಬಣ್ಣದ ಶೀಟು. ಅಂದ್ರೆ ಏನು? ಲಕ್ಷಾಂತರ ರೂಪಾಯಿ ಸುರಿದು ಸಮತಟ್ಟಾದ ಮಾಡು ಹಾಕಿಸಿದ್ದಾರೆ, ಆಮೇಲೆ ಆ ಮಾಡಿಗೆ ಮಳೆ ಬೀಳದ ಹಾಗೆ ಇನ್ನೊಂದು ಮಾಡು ಹಾಕಿಸಿದ್ದಾರೆ! ಮಾಡಿಗೇ ಕೊಡೆ ಹಿಡಿಯೋ ಊರು ಇದು.

ನಗ್ತಾ ಇದ್ದೆ. ನಮ್ಮ ಮನೆ ಬಂತು. ನಮ್ಮ ತಾರಸಿ ಮೇಲೂ ಶೀಟಿದೆ. ಹಸಿರು ಬಣ್ಣದ್ದು.

ಆ ಕಥೆಗೆ ಬರ್ತೀನಿ. ಅದಕ್ಕೂ ಮೊದಲು ಈ ರಸ್ತೆಯ ಎರಡು ತುದಿ ನೋಡಬೇಕು.

ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಅಂದರೆ ತ್ರಿಭುವನ ತಿಲಕ ಚೂಡಾಮಣಿ, ಕಟ್ಟಿದ್ದು 1430ರಲ್ಲಿ. ವಿಜಯನಗರದ ಎರಡನೇ ದೇವರಾಯನ ಕಾಲ. ಕಾರ್ಕಳದ ಗೊಮ್ಮಟನನ್ನ ವೀರಪಾಂಡ್ಯ ನಿಲ್ಲಿಸಿದ್ದು 1432ರ ಫೆಬ್ರವರಿಯಲ್ಲಿ. ಎರಡೇ ವರ್ಷದ ಅಂತರ, ಹದಿನೆಂಟು ಕಿಲೋಮೀಟರಿನ ದೂರ. ಒಂದೇ ಧರ್ಮ, ಅದೇ ಸೀಮೆಯ ಕಲ್ಲು, ಅದೇ ಮಳೆ. ಆದರೆ ಎರಡೂ ಕಡೆ ಮಳೆಗೆ ಕೊಟ್ಟ ಉತ್ತರ ಮಾತ್ರ ತದ್ವಿರುದ್ಧ.

ಕಾರ್ಕಳದಲ್ಲಿ 42 ಅಡಿಯ ಏಕಶಿಲೆಯನ್ನ ಬೋಳು ಬಂಡೆಯ ಮೇಲೆ ನಿಲ್ಲಿಸಿ, ತಲೆ ಮೇಲೆ ಏನೂ ಹಾಕದೆ ಬಿಟ್ಟರು. ನೆನೆಯಲಿ ಅಂತ. ಆರುನೂರು ಮಳೆಗಾಲ ಹತ್ತಿರ ಬಂತು, ನೆನೀತಾನೇ ನಿಂತಿದ್ದಾನೆ. 1604ರಲ್ಲಿ ತಿಮ್ಮಣ್ಣ ಅಜಿಲ ವೇಣೂರಿನಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟನದ್ದೂ ಅದೇ ಕಥೆ. ಎಲ್ಲ ಬಿಟ್ಟವನಿಗೆ ಮಾಡು ಯಾಕೆ? ತತ್ತ್ವವೂ ಸರಿ, ಎಂಜಿನಿಯರಿಂಗೂ ಸರಿ. ನೀರು ನಿಲ್ಲೋಕೆ ಜಾಗವಿಲ್ಲದ, ಕೀಲು-ಸಂದು ಇಲ್ಲದ ಒಂದೇ ಕಗ್ಗಲ್ಲು. ಎಲ್ಲಿಂದ ಸೋರಬೇಕು ಅದು?

ಮೂಡುಬಿದಿರೆಯಲ್ಲಿ ಹಾಗಲ್ಲ. ಒಳಗಿರೋದು ಎಂಟಡಿ ಎತ್ತರದ ಪಂಚಲೋಹದ ಚಂದ್ರನಾಥ ಸ್ವಾಮಿ. ಅದಕ್ಕೆ ಒಂದರ ಮೇಲೊಂದು ಮೂರು ಹಂತ. ಕೆಳಗೆ ಕಲ್ಲು, ಮೇಲೆ ಮೇಲೆ ಹೋದ ಹಾಗೆ ಮರ, ಅದರ ಮೇಲೆ ತಾಮ್ರದ ಹೊದಿಕೆ. ಮಾಡು ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿದೆ. ಕೆಳಗಿನ ಜಗಲಿಗೆ ಬೇರೆಯದೇ ಇಳಿಜಾರು. ಸುತ್ತಲೂ ಕಂಬಗಳು. ಸಾವಿರ ಅಂತ ಲೆಕ್ಕ ಹಾಕೋವಾಗ ಸಣ್ಣಪುಟ್ಟ ಕಂಬಗಳೂ ಸೇರಿವೆ ಅನ್ನಿ, ಆದರೂ ಆ ಕಾಡಿನ ನಡುವೆ ನಿಂತಾಗ ಎಣಿಸಬೇಕು ಅನ್ನಿಸೋದಿಲ್ಲ. ಮಳೆಗಾಲದಲ್ಲಿ ಹೋಗಿ ನೋಡಿ. ಮೇಲಿನ ಮಾಡಿನಿಂದ ನೀರು ಕೆಳಗಿನ ಮಾಡಿಗೆ, ಅಲ್ಲಿಂದ ಅಂಗಳಕ್ಕೆ, ಮೆಟ್ಟಿಲಿಳಿದ ಹಾಗೆ ಇಳೀತಾ ಇರುತ್ತೆ. ನೀವು ಕಂಬದ ಬುಡದಲ್ಲಿ ಒಣಗಿದ ಕಲ್ಲಿನ ಮೇಲೆ ಕೂತಿರ್ತೀರಿ.

ಈ ಬಸದಿಯನ್ನ ನಮ್ಮ ಚಾನೆಲ್‌ನಲ್ಲಿ ಒಮ್ಮೆ ತೋರಿಸಿದ್ವಿ. ಸ್ಕ್ರಿಪ್ಟಲ್ಲಿ 'ನೇಪಾಳಿ ಶೈಲಿಯ ಬಸದಿ' ಅಂತಿತ್ತು. ನಾನೇ ಓದಿದೆ, ಗಟ್ಟಿ ದನಿಯಲ್ಲಿ. ಆ ಮಾತು ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿದೆ. ಜೇಮ್ಸ್ ಫರ್ಗುಸನ್ ಅಂತ ಒಬ್ಬ ಸ್ಕಾಟ್‌ಲೆಂಡಿನವನು. ಬಂಗಾಳದಲ್ಲಿ ನೀಲಿ ವ್ಯಾಪಾರ ಮಾಡಿ ದುಡ್ಡು ಮಾಡಿಕೊಂಡು, ಆಮೇಲೆ ಭಾರತದ ಕಟ್ಟಡಗಳ ಹುಚ್ಚು ಹಿಡಿಸಿಕೊಂಡವನು. 1876ರಲ್ಲಿ ಬಂದ ಅವನ ದೊಡ್ಡ ಗ್ರಂಥದಲ್ಲಿ ಮೂಡುಬಿದಿರೆಯ ಪ್ರಸ್ತಾಪ ಇದೆ. ಕೊಡಂಗಲ್ಲಿನಲ್ಲಿರುವ ಜೈನ ನಿಷಿಧಿಗಳನ್ನೂ, ಅಂದರೆ ಅಂತಸ್ತಿನ ಮೇಲೆ ಅಂತಸ್ತು ಪೇರಿಸಿದ ಆ ಸಮಾಧಿಗಳನ್ನೂ ಗಮನಿಸಿದ್ದಾನೆ. ಇವಕ್ಕೆ ಹತ್ತಿರದ ನೆಂಟರು ದಕ್ಷಿಣ ಭಾರತದಲ್ಲಿ ಇಲ್ಲ, ಹಿಮಾಲಯದ ನೇಪಾಳದಲ್ಲಿದ್ದಾರೆ ಅನ್ನೋದು ಅವನ ಅಚ್ಚರಿ. ಅಲ್ಲಿಂದ ಇಲ್ಲಿಯವರೆಗೆ ಗೈಡುಗಳು, ಪುಸ್ತಕಗಳು, ಟೀವಿಯವರು, ವಾಟ್ಸ್ಯಾಪ್‌ನವರು ಎಲ್ಲರೂ ನೇಪಾಳ ನೇಪಾಳ ಅಂತಾನೇ ಬಂದ್ವಿ.

ಆದರೆ ಅದೇ ಫರ್ಗುಸನ್ ಇನ್ನೊಂದು ಮಾತು ಹೇಳಿದ್ದಾನೆ, ಅದನ್ನ ಯಾರೂ ಹೇಳೋದಿಲ್ಲ. ಹೊರಗಿನ ಕಲ್ಲು ಕಂಬಗಳು ಅಂಚು ಸವರಿದ ಮರದ ದಿಮ್ಮಿಯ ಹಾಗಿವೆ ಅಂತ. ಅಲ್ಲೇ ಇದೆ ನೋಡಿ ಉತ್ತರ! ಮೊದಲು ಈ ಸೀಮೆಯಲ್ಲಿ ಮರದಿಂದ ಕಟ್ಟುತ್ತಿದ್ದರು. ಕಲ್ಲಿಗೆ ಕೈ ಹಾಕಿದಾಗಲೂ ಬಡಗಿಯ ವ್ಯಾಕರಣವನ್ನೇ ಕಲ್ಲಿಗೆ ಕಲಿಸಿದರು. ಅದಕ್ಕೆ ಕಾಠ್ಮಂಡುವಿನಿಂದ ಶಿಲ್ಪಿ ಬರಬೇಕಾಗಿಲ್ಲ. ಅಲ್ಲೂ ಮುಂಗಾರು ಮಳೆ, ಅಲ್ಲೂ ಕಾಡಿನ ಮರ. ಒಂದೇ ಪ್ರಶ್ನೆಪತ್ರಿಕೆ ಕೊಟ್ಟರೆ ಇಬ್ಬರು ಬುದ್ಧಿವಂತ ಹುಡುಗರ ಉತ್ತರ ಒಂದೇ ಥರ ಇರುತ್ತೆ, ಕಾಪಿ ಹೊಡೆದಿರಬೇಕಾಗಿಲ್ಲ. ಬೆಳುವಾಯಿಯ ಹಳೇ ಗುತ್ತಿನ ಮನೆಯ ಮಾಡನ್ನ ನೋಡಿದವರಿಗೆ ಬಸದಿಯ ಮಾಡು ಪರದೇಶಿ ಅನ್ನಿಸೋದೇ ಇಲ್ಲ.

ಹಾಗಂತ ಈ ನಾಡು ಬಾವಿಯೊಳಗಿನ ಕಪ್ಪೆಯೂ ಆಗಿರಲಿಲ್ಲ. ಅದೇ ಬಸದಿಯ ಭೈರಾದೇವಿ ಮಂಟಪದ ಅಡಿಪಟ್ಟಿಯಲ್ಲಿ ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ. ಕಾಳುಮೆಣಸು ಹೊತ್ತು ಹೋದ ಹಡಗುಗಳು ಬರುವಾಗ ಆಫ್ರಿಕಾದ, ಚೀನಾದ ಸುದ್ದಿ ತಂದಿದ್ದವು. ಪ್ರಪಂಚವೆಲ್ಲ ಗೊತ್ತಿದ್ದವರೇ ಇವರು. ಗೊತ್ತಿದ್ದೂ ಮಾಡನ್ನ ಮಾತ್ರ ತಮ್ಮ ಮಳೆಗೆ ತಕ್ಕ ಹಾಗೆ ಕಟ್ಟಿಕೊಂಡರು.

ಒಂದು ಆಕ್ಷೇಪ ಬರಬಹುದು. ಕಾರ್ಕಳದ ಚತುರ್ಮುಖ ಬಸದಿ, 1586ರದ್ದು, ಅದರ ಮಾಡು ಕಲ್ಲು ಚಪ್ಪಡಿಯದ್ದಲ್ವಾ, ಸಪಾಟಾಗಿಲ್ವಾ ಅಂತ. ನಿಜ. ಮಲೆನಾಡಿನಾಚೆಯ ಪದ್ಧತಿಯನ್ನೂ ಇಲ್ಲಿಯವರು ಮಾಡಿ ನೋಡಿದ್ದಾರೆ. ಆದರೆ ಮನೆ ಕಟ್ಟೋವಾಗ ಯಾರೂ ಅದನ್ನ ಅನುಸರಿಸಲಿಲ್ಲ ಅನ್ನೋದನ್ನ ಗಮನಿಸಿ.

ಮಾಡಿನ ಬೆಲೆ ಏನು ಅಂತ ಕೇಳಿದರೆ ನಾನು ಮೂಡುಬಿದಿರೆಯ ಗುರು ಬಸದಿಯನ್ನ ತೋರಿಸ್ತೀನಿ. ಧವಲಾ, ಜಯಧವಲಾ, ಮಹಾಧವಲಾ ಅನ್ನೋ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದುಕೊಂಡಿದ್ದು ಅಲ್ಲಿ. ಭಾಷೆ ಪ್ರಾಕೃತ, ಲಿಪಿ ಕನ್ನಡ. ಭಾರತದ ಬೇರೆಲ್ಲೂ ಉಳಿಯಲಿಲ್ಲ. ಇಲ್ಲಿಂದ ನಕಲಾಗಿ ಉತ್ತರಕ್ಕೆ ಹೋಗಿ, 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾಯ್ತು. ತಾಳೆಗರಿಗೆ ತೇವಕ್ಕಿಂತ ದೊಡ್ಡ ವೈರಿ ಇಲ್ಲ. ಇಷ್ಟು ಮಳೆ ಬೀಳೋ ಊರಲ್ಲಿ ಅದು ಉಳಿದಿದೆ ಅಂದರೆ ಭಕ್ತಿಗೆ ಎಷ್ಟು ಅಂಕ ಕೊಡ್ತೀರೋ, ಆ ಮಾಡು ಕಟ್ಟಿದ ಬಡಗಿಗೂ ಅಷ್ಟೇ ಕೊಡಿ.

ಈಗ ಅರಸರ ವಿಷಯ. ಮೂಡುಬಿದಿರೆಯನ್ನ ಆಳಿದವರು ಚೌಟರು. ಅಳಿಯಸಂತಾನದ ಮನೆತನ, ಅಂದ್ರೆ ಪಟ್ಟ ತಾಯಿಯ ಕಡೆಯಿಂದ. ಉಳ್ಳಾಲದ ರಾಣಿ ಅಬ್ಬಕ್ಕ ಇದೇ ವಂಶ. 1623ರಲ್ಲಿ ಪಿಯೆತ್ರೊ ದೆಲ್ಲಾ ವಲ್ಲೆ ಅನ್ನೋ ಇಟಲಿಯ ಪ್ರವಾಸಿ ಮಂಗಳೂರಿಂದ ಹೊಳೆ ದಾಟಿ ಮಣೇಲಿಗೆ ಬಂದು ಉಳ್ಳಾಲದ ರಾಣಿಯನ್ನ ಕಂಡ. ಎಲ್ಲಿ ಕಂಡ? ಸಿಂಹಾಸನದ ಮೇಲಲ್ಲ, ದಾರಿಯಲ್ಲಿ! ಬರಿಗಾಲಲ್ಲಿ, ದಪ್ಪ ಹತ್ತಿ ಬಟ್ಟೆ ಉಟ್ಟು, ನಾಲ್ಕಾರು ಜನ ಆಳುಗಳ ಜೊತೆ, ತಲೆ ಮೇಲೆ ತಾಳೆಗರಿ ಕೊಡೆ ಹಿಡಿಸಿಕೊಂಡು ನೀರಿನ ಕಾಲುವೆ ಕೆಲಸ ನೋಡೋಕೆ ಹೋಗ್ತಾ ಇದ್ದಳು. ನೋಡೋಕೆ ಕೆಲಸದವಳ ಹಾಗೆ ಕಂಡಳು, ಮಾತಾಡಿದಾಗ ರಾಣಿ ಅಂತ ಗೊತ್ತಾಯ್ತು ಅನ್ನೋ ಅರ್ಥದಲ್ಲಿ ಅವನು ಬರೆದಿದ್ದಾನೆ. ಇವತ್ತು ನಮ್ಮ ಮಂತ್ರಿಗಳು ಕಾಲುವೆ ನೋಡೋಕೆ ಹೊರಟರೆ ಹಿಂದೆ ಎಷ್ಟು ಕಾರು ಇರುತ್ತೆ ಅಂತ ನಿಮಗೆ ನಾನೇ ತೋರಿಸಿದ್ದೀನಿ, ಬಿಡಿ.

ಚೌಟರ ಅರಮನೆ ಮೂಡುಬಿದಿರೆಯಲ್ಲಿ ಈಗಲೂ ಇದೆ. ಅರಮನೆ ಅಂದ ಕೂಡಲೇ ಮೈಸೂರು ನೆನಪಿಟ್ಟುಕೊಂಡು ಹೋದರೆ ನಿರಾಸೆ ಆಗುತ್ತೆ. ತಗ್ಗಾದ ಮಾಡು, ಚಾವಡಿ, ಮರದ ಕಂಬ. ಆದರೆ ಆ ಕಂಬದ ಕೆತ್ತನೆ! ಒಂಬತ್ತು ಹೆಂಗಸರ ಮೈಗಳು ಹೆಣೆದುಕೊಂಡು ಆನೆಯಾಗಿರುವ ನವನಾರಿ ಕುಂಜರ, ಐವರು ಸೇರಿ ಕುದುರೆಯಾಗಿರುವ ಪಂಚನಾರಿ ತುರಗ. ತಾಯಿಯ ಕಡೆಯಿಂದ ಪಟ್ಟ ಬರುವ ಮನೆಯ ಚಾವಡಿಗೆ ಇದಕ್ಕಿಂತ ಒಪ್ಪುವ ಚಿತ್ರ ಇರಲಾರದು ಅಂತ ನನಗೆ ಯಾವಾಗಲೂ ಅನ್ನಿಸುತ್ತೆ.

ನಮ್ಮ ಅಜ್ಜಿ ಮನೆ ಕಂಬಗಳಲ್ಲಿ ಕೆತ್ತನೆ ಇರಲಿಲ್ಲ. ಹಲಸಿನ ಮರದ ನಾಲ್ಕು ಕಂಬ, ಬೆನ್ನು ಒರಗಿಸಿ ಒರಗಿಸಿ ನುಣುಪಾಗಿದ್ದವು ಅಷ್ಟೇ. ಗೋಡೆ ಕೆಂಪು ಕಲ್ಲಿನದು, ತುಳುವಿನಲ್ಲಿ ಮುರಕಲ್ಲು ಅಂತೀವಿ. ನೆಲದಿಂದ ಕಡಿಯುವಾಗ ಮೆತ್ತಗಿರುತ್ತೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತೆ. ಜಗತ್ತಿನ ಭೂವಿಜ್ಞಾನಿಗಳು ಇದನ್ನ ಲ್ಯಾಟರೈಟ್ ಅಂತಾರಲ್ಲ, ಆ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮೇಲೆ ಕಂಪನಿಯವರು ದೇಶ ಅಳೆದು ಬಾ ಅಂತ ಕಳಿಸಿದ ಡಾಕ್ಟರು. ಮಲಬಾರಿನಲ್ಲಿ ಈ ಕಲ್ಲನ್ನ ನೋಡಿ, ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ಇರುವ ಹೆಸರನ್ನೇ ಇದಕ್ಕೆ ಕೊಟ್ಟ. 1801ರಲ್ಲಿ ಅವನು ಮೂಡುಬಿದಿರೆಗೂ ಬಂದ, ಅಲ್ಲಿಂದ ಕಾರ್ಕಳಕ್ಕೂ ಹೋದ. ನಮ್ಮ ಸೀಮೆ ದಾಟಿಯೇ ಹೋದ.

ಗೋಡೆಯ ಮೇಲೆ ಮಂಗಳೂರು ಹಂಚು. ಅದಕ್ಕಿಂತ ಹಿಂದೆ ಮುಳಿಹುಲ್ಲು ಇತ್ತಂತೆ, ವರ್ಷ ವರ್ಷ ಹೊದಿಸಬೇಕು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ. ಜರ್ಮನಿಯವನ ತಂತ್ರ, ನಮ್ಮ ಹೊಳೆಗಳ ಜೇಡಿ. ಹೊರಗಿನಿಂದ ಬಂದಿದ್ದೇ ತಾನೇ ಅದೂ? ಹೌದು. ಆದರೆ ಅದು ಮಾಡಿನ ಆಕಾರ ಬದಲಿಸಲಿಲ್ಲ, ಹುಲ್ಲಿನ ಜಾಗದಲ್ಲಿ ಕೂತಿತು. ಒಂದು ಹಂಚು ಒಡೆದರೆ ಅದೊಂದನ್ನೇ ತೆಗೆದು ಬೇರೆ ಇಡಬಹುದು. ಹದಿನೈದು ವರ್ಷದ ಹುಡುಗನೂ ಮಾಡುವ ರಿಪೇರಿ. ನಾನೇ ಮಾಡಿದ್ದೀನಿ.

ಆ ಮನೆಯನ್ನ ಕೆಡವಿಸಿದವನೂ ನಾನೇ.

ಸಿವಿಲ್ ಎಂಜಿನಿಯರಿಂಗ್ ಓದ್ತಾ ಇದ್ದೆ. ಈಗ ಕೋಟು ಹಾಕಿಕೊಂಡು ರಾತ್ರಿ ಒಂಬತ್ತಕ್ಕೆ ಕೂಗಾಡ್ತೀನಿ ಅನ್ನೋದು ಬೇರೆ ಮಾತು. ಮೂರನೇ ವರ್ಷ, ಕಾಂಕ್ರೀಟಿನ ಪಾಠ ಹೊಸದಾಗಿ ತಲೆಗೆ ಹತ್ತಿತ್ತು. ಮಾವಂದಿರು "ಪಕಾಸಿಗೆ ಗೆದ್ದಲು ಹಿಡಿದಿದೆ, ಏನು ಮಾಡೋಣ" ಅಂತ ಕೇಳಿದರು. ನಾನು ಚಾವಡಿಯಲ್ಲೇ ಕೂತು, ಅದೇ ಕಂಬಕ್ಕೆ ಒರಗಿಕೊಂಡು, ನೋಟ್‌ಬುಕ್ಕಿನಲ್ಲಿ ಪ್ಲ್ಯಾನ್ ಹಾಕಿದೆ. ಐದಿಂಚಿನ ಸ್ಲ್ಯಾಬು, ಇಷ್ಟು ಕಬ್ಬಿಣ, ಇಷ್ಟು ಸಿಮೆಂಟು. ಗಾಳಿ ಎಲ್ಲಿಂದ ಬರುತ್ತೆ, ಎರಚಲು ಯಾವ ಕಡೆಯಿಂದ ಹೊಡೆಯುತ್ತೆ ಅನ್ನೋದು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ನಮ್ಮ ಸಿಲೆಬಸ್ಸಿನಲ್ಲೂ ಇರಲಿಲ್ಲ. ಭಾರ ಹೊರುವ ಲೆಕ್ಕ ಕಲಿಸಿದ್ದರು, ನಾನು ಅದನ್ನ ತಪ್ಪಿಲ್ಲದೆ ಮಾಡಿದ್ದೆ. ಅಜ್ಜಿ ಒಂದೇ ಪ್ರಶ್ನೆ ಕೇಳಿದ್ದರು: "ಮಳೆ ಬಂದ್ರೆ ನೀರು ಎಲ್ಲಿಗೆ ಹೋಗ್ತದೆ ಮಗಾ?" ಪೈಪು ಇಡ್ತೀವಿ ಅಜ್ಜಿ ಅಂದೆ.

ಮೂರನೇ ಮಳೆಗಾಲಕ್ಕೆ ಮೂಲೆಯಲ್ಲಿ ತೇವ ಕಂಡಿತು. ಐದನೆಯದಕ್ಕೆ ಅಜ್ಜಿ ಮಲಗುವ ಕೋಣೆಯ ಸೀಲಿಂಗಿನಲ್ಲಿ ಕಪ್ಪು ನಕ್ಷೆ. ಪೈಪಿಗೆ ಅಡಕೆ ಸೋಗೆ, ಎಲೆ ಸಿಕ್ಕಿ ತಾರಸಿ ಮೇಲೆ ಕೆರೆ. ವಾಟರ್‌ಪ್ರೂಫಿಂಗ್ ಅಂತ ಎರಡು ಸಲ ಏನೇನೋ ಬಳಿಸಿದ್ವಿ. ಬೇಸಿಗೆಯಲ್ಲಿ ಒಳಗೆ ಬೇಯೋ ಸೆಕೆ. ಅಜ್ಜಿ ನನ್ನನ್ನ ಒಂದು ಮಾತೂ ಅನ್ನಲಿಲ್ಲ. ಮಂಚವನ್ನ ಗೋಡೆಯಿಂದ ಒಂದಡಿ ಈಚೆಗೆ ಎಳೆಸಿಕೊಂಡರು, ಅಷ್ಟೇ. ಅವರು ಹೋದ ಮೇಲಿನ ವರ್ಷ ಹಸಿರು ಶೀಟು ಬಂತು.

ಕಂಬಗಳನ್ನ ಹಳೇ ಸಾಮಾನಿನವನೊಬ್ಬ ಒಯ್ದಿದ್ದ. ಎಷ್ಟಕ್ಕೆ ಅಂತ ಹೇಳೋಕೆ ನಾಚಿಕೆ ಆಗುತ್ತೆ. ಬೆಂಗಳೂರಿನಲ್ಲಿ ಕರಾವಳಿ ಊಟದ ಹೋಟೆಲಿಗೆ ಹೋದಾಗಲೆಲ್ಲ ಅಲ್ಲಿ ಶೋಕಿಗೆ ನಿಲ್ಲಿಸಿರುವ ಕಂಬಗಳನ್ನ ಒಮ್ಮೆ ಸವರಿ ನೋಡ್ತೀನಿ.

ಈಗ ಈ ರಸ್ತೆಯೇ ಅಗಲ ಆಗ್ತಾ ಇದೆ. ಮಂಗಳೂರಿನ ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ 45 ಕಿಲೋಮೀಟರ್ ಚತುಷ್ಪಥ, ರಾಷ್ಟ್ರೀಯ ಹೆದ್ದಾರಿ 169. ಬೆಳುವಾಯಿ ಅದರೊಳಗೇ ಬರುತ್ತೆ. ರಸ್ತೆ ಬೇಡ ಅಂತ ನಾನು ಹೇಳೋದಿಲ್ಲ, ಆ ತಿರುವುಗಳಲ್ಲಿ ಆದ ಅಪಘಾತಗಳ ಸುದ್ದಿ ಓದಿದವನು ನಾನು. ಆದರೆ ಜಾಗ ಬಿಟ್ಟುಕೊಟ್ಟವರು ಮತ್ತೆ ಮನೆ ಕಟ್ತಾರೆ. ಪ್ಲ್ಯಾನ್ ಹಾಕೋಕೆ ನನ್ನಂಥ ಒಬ್ಬ ಹುಡುಗ ಪ್ರತಿ ಮನೆಯಲ್ಲೂ ಇರ್ತಾನೆ. ಹೋದ ತಿಂಗಳು ಅಂಥ ಒಬ್ಬ ಫೋನ್ ಮಾಡಿದ್ದ. ಟೀವಿಯಲ್ಲಿ ನೋಡ್ತೀನಿ ಸಾರ್, ನೀವೂ ನಮ್ಮೂರಿನವರಂತೆ, ಸಿವಿಲ್ ಅಂತೆ, ಸ್ಲ್ಯಾಬಿಗೆ ಯಾವ ವಾಟರ್‌ಪ್ರೂಫಿಂಗ್ ಒಳ್ಳೇದು ಅಂತ. ಮೂಡುಬಿದಿರೆಗೆ ಹೋಗಿ ಮಳೆಯಲ್ಲಿ ಬಸದಿ ನೋಡು ಅಂದೆ. ಅವನಿಗೆ ನಾನು ತಮಾಷೆ ಮಾಡಿದೆ ಅನ್ನಿಸಿರಬೇಕು, ಫೋನ್ ಇಟ್ಟ.

ಆಟಿಯ ಆ ದಿನ ನಮ್ಮ ಮನೆಯೊಳಗೆ ಅಮ್ಮ ಇರಲಿಲ್ಲ. ಹುಡುಕಿದರೆ ತಾರಸಿಯ ಮೇಲೆ, ಶೀಟಿನ ಕೆಳಗೆ ಕುರ್ಚಿ ಹಾಕಿಕೊಂಡು ಹಲಸಿನ ಬೀಜ ಸುಲೀತಾ ಇದ್ದರು. ಪಕ್ಕದಲ್ಲಿ ಒಣಹಾಕಿದ ಬಟ್ಟೆ, ಸುಲಿಯದ ಅಡಕೆ, ನೆರೆಮನೆಯ ಇಬ್ಬರು ಹೆಂಗಸರು. ಸುತ್ತ ನಾಲ್ಕೂ ಕಡೆ ಮಳೆ ಪರದೆ ಇಳಿಬಿಟ್ಟ ಹಾಗೆ. ಕೆಳಗೆ ಅಷ್ಟು ಕೋಣೆ ಇದೆ, ಇಲ್ಯಾಕೆ ಕೂತಿದ್ದೀರಿ ಅಂದೆ.

"ಇಲ್ಲಿ ಗಾಳಿ ಬರ್ತದೆ" ಅಂದರು. "ನಿನ್ನ ಅಜ್ಜಿಯ ಚಾವಡಿ ಹೀಗೇ ಇತ್ತು."