ಪುಸ್ತಕ ಬೇರೆ, ಸೂಚಿ ಬೇರೆ: ಇ.ಸಿ. ಹಿಂದಿನ ಹುಡುಕಾಟದ ಚರಿತ್ರೆ

ಹಂಪನಕಟ್ಟೆಯಲ್ಲಿ ಬಸ್ಸಿಳಿದು, ಕಂಕುಳಲ್ಲಿ ಫೈಲು ಹಿಡಿದು ಜಾಗದ ಕೆಲಸಕ್ಕೆ ನಡೆಯುವ ಹಳ್ಳಿಯವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಇ.ಸಿ. ಆಯಿತಾ? ಜಾಗ ಕೊಳ್ಳುವುದಿರಲಿ, ಬ್ಯಾಂಕ್ ಸಾಲ ಇರಲಿ, ಋಣಭಾರ ಪ್ರಮಾಣಪತ್ರ ಬೇಕೇ ಬೇಕು. ಈ ಕಾಗದ ಅಸಲಿಗೆ ಒಂದು ಹುಡುಕಾಟದ ಫಲಿತಾಂಶ. ಆ ಹುಡುಕಾಟದ ವಿಧಾನವನ್ನು ಗೂಗಲ್ ಹುಟ್ಟುವುದಕ್ಕೆ 90 ವರ್ಷ ಮೊದಲೇ ಕಾನೂನಿನಲ್ಲಿ ಬರೆದಿಟ್ಟಿದ್ದರು.

ದಸ್ತಾವೇಜುಗಳನ್ನು ಕಡ್ಡಾಯವಾಗಿ ನೋಂದಾಯಿಸಬೇಕೆಂಬ ಕಾಯ್ದೆ ಬಂದದ್ದು 1864ರಲ್ಲಿ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಈಗಲೂ ಜಾರಿಯಲ್ಲಿರುವುದು 1908ರ ನೋಂದಣಿ ಕಾಯ್ದೆ. ಅದರ ಪ್ರಕಾರ ಜಾಗದ ಕ್ರಯಪತ್ರ, ಅಡಮಾನ ಪತ್ರಗಳು 1ನೇ ಪುಸ್ತಕಕ್ಕೆ ಹೋಗುತ್ತವೆ. ವೀಲುನಾಮೆಗಳು 3ನೇ ಪುಸ್ತಕಕ್ಕೆ.

ಪುಸ್ತಕ ಬರೆದಿಟ್ಟರೆ ಸಾಲದು. ನೂರಾರು ಸಂಪುಟಗಳಲ್ಲಿ ನಿಮ್ಮ ಒಂದು ಸರ್ವೆ ನಂಬರನ್ನು ಹುಡುಕುವುದು ಹೇಗೆ? ಅದಕ್ಕಾಗಿ ಕಾಯ್ದೆಯ 55ನೇ ಕಲಂ ಬೇರೆಯೇ ಸೂಚಿಗಳನ್ನು ಇಡಲು ಹೇಳಿತು. 1ನೇ ಸೂಚಿಯಲ್ಲಿ ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರು. 2ನೇ ಸೂಚಿಯಲ್ಲಿ ಜಾಗದ ವಿವರ. ಗುಮಾಸ್ತರು ಮೊದಲು ಸೂಚಿ ನೋಡಿ, ಅಲ್ಲಿ ಸಿಕ್ಕ ಸಂಪುಟ, ಪುಟ ಹಿಡಿದು ಪುಸ್ತಕ ತೆರೆಯುತ್ತಿದ್ದರು.

ಇಂದಿನ ಕಂಪ್ಯೂಟರ್ ಲೋಕವೂ ಇದೇ ದಾರಿಯಲ್ಲಿದೆ. ದೊಡ್ಡ ತಾಣಗಳಲ್ಲಿ ಮೂಲ ಮಾಹಿತಿ ಒಂದು ಡೇಟಾಬೇಸಿನಲ್ಲಿದ್ದರೆ, ಹುಡುಕುವ ಯಂತ್ರ ಬೇರೆ ಸರ್ವರಿನಲ್ಲಿ ಓಡುತ್ತದೆ. 1999ರಲ್ಲಿ ಡಗ್ ಕಟಿಂಗ್ ಬರೆದ ಲೂಸೀನ್, ಅದರ ಮೇಲೆ 2010ರಲ್ಲಿ ಬಂದ ಇಲಾಸ್ಟಿಕ್‌ಸರ್ಚ್ ಇದಕ್ಕೆಂದೇ ಆದ ತಂತ್ರಾಂಶಗಳು. ಯಾವ ಪದ ಯಾವ ಯಾವ ಪುಟದಲ್ಲಿದೆ ಎಂಬ ಪಟ್ಟಿ ಇಡುವುದೇ ಇವುಗಳ ಮುಖ್ಯ ಕೆಲಸ.

2016ರಲ್ಲಿ ಶುರುವಾದ ತುಳು ವಿಕಿಪೀಡಿಯವನ್ನೇ ನೋಡಿ. ನೀವು ಬರೆದ ಲೇಖನ ಮೊದಲು ಡೇಟಾಬೇಸಿಗೆ ಹೋಗುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಸೂಚಿಗೆ. ಹುಡುಕುಯಂತ್ರ ಕೆಟ್ಟರೂ ಲೇಖನ ಓದಬಹುದು. ಸೂಚಿ ಹಾಳಾದರೆ ಮೂಲದಿಂದ ಮತ್ತೆ ಕಟ್ಟಬಹುದು. ಬೇರೆ ಇಟ್ಟದ್ದರ ಲಾಭ ಇದು.

ನಷ್ಟವೂ ಇದೆ. ಎರಡು ಕಡೆ ಬರೆಯುವುದಾದರೆ ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಬಿಟ್ಟುಹೋಗಬಹುದು. 1908ರಲ್ಲಿ ಕಾಯ್ದೆ ಬರೆದವರಿಗೂ ಇದು ಗೊತ್ತಿತ್ತು. ದಸ್ತಾವೇಜು ನಕಲು ಮಾಡಿದ ಮೇಲೆ ಸಾಧ್ಯವಾದಷ್ಟು ಕೂಡಲೇ ಸೂಚಿಗೂ ಏರಿಸಬೇಕೆಂದು 54ನೇ ಕಲಂ ಹೇಳುತ್ತದೆ. ಅಡಮಾನ ಪತ್ರ ಪುಸ್ತಕದಲ್ಲಿದ್ದು, ಸೂಚಿಯಲ್ಲಿ ಸರ್ವೆ ನಂಬರಿನ ಒಂದು ಅಂಕಿ ತಪ್ಪಾದರೆ ಆ ಸಾಲ ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ. ಜಾಗ ಕೊಂಡವನಿಗೆ ಅದು ಗೊತ್ತಾಗುವುದು ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ.

ಹಾಗಾಗಿ ಫಾರಂ 16, ಅಂದರೆ 'ಏನೂ ಇಲ್ಲ' ಎಂಬ ಇ.ಸಿ. ಕೈಗೆ ಬಂದಾಗ ಅದನ್ನು ಸರಿಯಾಗಿ ಓದಬೇಕು. ಜಾಗದ ಮೇಲೆ ಏನೂ ಇಲ್ಲ ಎಂದು ಅದರ ಅರ್ಥವಲ್ಲ. ನೀವು ಕೊಟ್ಟ ವಿವರಕ್ಕೆ, ನೀವು ಕೇಳಿದ ಅವಧಿಯಲ್ಲಿ, ಸೂಚಿಯಲ್ಲಿ ಏನೂ ಸಿಗಲಿಲ್ಲ ಎಂದಷ್ಟೇ. ಬಾಯಿಮಾತಿನ ಪಾಲು, ನೋಂದಣಿಯಾಗದ ಕರಾರು ಅಲ್ಲಿ ಬರುವುದಿಲ್ಲ. ವೀಲುನಾಮೆಗೆ ಬೇರೆ ಪುಸ್ತಕ, ಬೇರೆ ಸೂಚಿ. ಬರೆದವರು ಬದುಕಿರುವವರೆಗೆ ಅದು ಸಾರ್ವಜನಿಕರಿಗೆ ತೆರೆದಿರುವುದೂ ಇಲ್ಲ.

ಕರ್ನಾಟಕದಲ್ಲಿ ಕಾವೇರಿ ತಂತ್ರಾಂಶ ಬಂದ ಮೇಲೆ, 2004ರ ಏಪ್ರಿಲ್‌ನಿಂದ ಈಚಿನ ಇ.ಸಿ. ಮೊಬೈಲಿನಲ್ಲೇ ಕೇಳಬಹುದು. ಅದಕ್ಕೂ ಹಿಂದಿನದಕ್ಕೆ ಕೈಬರಹದ ಸೂಚಿಯೇ ಗತಿ. ಅರ್ಜಿ ಹಾಕುವಾಗ ಹಳೆಯ ಸರ್ವೆ ನಂಬರ್, ಹೊಸದು, ಹಿಸ್ಸಾ ಎಲ್ಲವನ್ನೂ ಕೊಡಿ. ಅಜ್ಜನ ಹೆಸರು ಒಂದು ಪತ್ರದಲ್ಲಿ 'ಶೆಟ್ಟಿ', ಇನ್ನೊಂದರಲ್ಲಿ 'ಸೆಟ್ಟಿ' ಇದ್ದರೆ ಎರಡನ್ನೂ ಹುಡುಕಿಸಿ. ಕಾಯ್ದೆಯ 57ನೇ ಕಲಂ ಪ್ರಕಾರ 1ನೇ ಪುಸ್ತಕ ಮತ್ತು ಅದರ ಸೂಚಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಅನುಮಾನ ಬಂದರೆ ಇ.ಸಿ.ಯಲ್ಲೇ ನಿಲ್ಲದೆ ಮೂಲ ದಸ್ತಾವೇಜಿನ ದೃಢೀಕೃತ ನಕಲು ತೆಗೆಸಿ, ಮುಂಗಡ ಕೊಡುವ ಮೊದಲೇ ಓದಿಸಿಕೊಳ್ಳಿ.