ಹೆಸರು ಬರೆಯದ ಕ್ಯಾಸೆಟ್

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ ನಮ್ಮ ಮಲೆನಾಡಿನ ಮನೆಗಳನ್ನು ಮುಟ್ಟುವ ಹೊತ್ತಿಗೆ ಎಂಬತ್ತರ ದಶಕ ಬಂದಿತ್ತು. 1978ರ ‘ನಿತ್ಯೋತ್ಸವ’ ಆಗಲೇ ಭಾವಗೀತೆಯನ್ನು ಕ್ಯಾಸೆಟ್ಟಿಗೆ ತಂದಿತ್ತು. ನನಗೆ ಮಾತ್ರ ಖಾಲಿ ಕ್ಯಾಸೆಟ್ಟಿನ ಮೇಲೇ ಪ್ರೀತಿ. ಸಾಗರದ ಸೋದರತ್ತೆ ಮಗಳೂ ನಾನೂ ಸಿ-90ರ ಒಂದೊಂದು ಬದಿಗೆ 45 ನಿಮಿಷ ಹಾಡು ತುಂಬಿ, ಚೀಟಿಯಲ್ಲಿ ಏನೂ ಬರೆಯದೆ, ಊರಿಗೆ ಹೊರಟವರ ಕೈಲಿ ಕಳಿಸುತ್ತಿದ್ದೆವು. ಹಾಡಿದವರು ಯಾರು? ಉತ್ತರ ಇನ್‌ಲ್ಯಾಂಡ್ ಪತ್ರದಲ್ಲಿ ಬರಬೇಕು.

ರೇಡಿಯೊದವರು ಹೆಸರು ಹೇಳಿಬಿಡುತ್ತಿದ್ದರು. ಇಲ್ಲಿ ಕಿವಿಯೇ ಗತಿ. ರಾಜ್‌ಕುಮಾರ್ ಚಿತ್ರದ ಹಾಡೆಂದು ಗೊತ್ತಾದರೂ ಸಾಲದು. 1974ರ ‘ಸಂಪತ್ತಿಗೆ ಸವಾಲ್’ಗೆ ಮುಂಚಿನದಾದರೆ ದನಿ ಬಹುಪಾಲು ಪಿ.ಬಿ. ಶ್ರೀನಿವಾಸ್ ಅವರದು, ಆಮೇಲಿನದಾದರೆ ಸ್ವತಃ ಅಣ್ಣಾವ್ರದು. ಎಸ್. ಜಾನಕಿ ಮಗುವಿನ ದನಿ ತೆಗೆದರಂತೂ ಮನೆಮಂದಿಯೆಲ್ಲ ಯಾವುದೋ ಪುಟ್ಟ ಹುಡುಗಿ ಎನ್ನುತ್ತಿದ್ದರು. ಅತ್ತೆ ಮಗಳು ಪಲ್ಲವಿಗೆ ಕಾಯುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ಉಸಿರು ಎಲ್ಲಿ ಎಳೆದರು ಎಂಬುದನ್ನೇ ಹಿಡಿದು ಹೇಳುತ್ತಿದ್ದಳು. ಅಂಥ ಕೇಳುವಿಕೆಯನ್ನು ನನಗೆ ಕಲಿಸಿದ್ದು ಯಾವ ಸಂಗೀತ ಪಾಠವೂ ಅಲ್ಲ, ಆ ಆಟ.

ತೀರಾ ಇಷ್ಟವಾದ ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಚೂರು ಮುರಿದಿಡುತ್ತಿದ್ದೆವು, ಮೇಲೆ ಬೇರೆ ಹಾಡು ತುಂಬಬಾರದೆಂದು. ಉಳಿದವು ಮುಂದಿನ ಸುತ್ತಿಗೆ.